ಬೆಳಿಗ್ಗೆ ಏನು ತಿಂದಿರಿ?

ಸಾರಾಯಿ ಪ್ಯಾಕೆಟ್ಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಮನೆಯ ಅಡುಗೆಕೋಣೆಯಲ್ಲಿ ಕೂತು ಅಳೆದ ಗಂಡಸು ಕನಕಪುರದಲ್ಲಿ ನಾನೊಬ್ಬನೇ ಇರಬೇಕು. ಪ್ಯಾಕೆಟ್ಟು ಖಾಲಿಯದು. ರಸ್ತೆ ಬದಿಯಲ್ಲಿ ಆರಿಸಿ, ತೊಳೆದು ತಂದದ್ದು. ಅದಕ್ಕೆ ನೀರು ತುಂಬಿ ಸ್ಟೀಲ್ ಲೋಟಕ್ಕೆ ಸುರಿದೆ. ನೀರು ನಿಂತ ಮಟ್ಟಕ್ಕೆ ಮೊಳೆಯಿಂದ ಒಂದು ಗೀಟು ಎಳೆದೆ. ಆಮೇಲೆ ಕ್ವಾರ್ಟರ್ ಬಾಟಲಿಗೆ ನೀರು ತುಂಬಿ ಸುರಿದು ಇನ್ನೊಂದು ಗೀಟು, ಅದು ಮೇಲೆ. ಪ್ಯಾಕೆಟ್ಟಿನ ಮೇಲೆ, ಬಾಟಲಿಯ ಮೇಲೆ ಅಳತೆ ಅಚ್ಚಾಗಿರುತ್ತದೆ, ನಿಜ. ಆದರೆ ಕುಡಿಯುವವರ ಕಣ್ಣು ಅಚ್ಚು ಓದುವುದಿಲ್ಲ, ಲೋಟ ನೋಡುತ್ತದೆ. ಆ ಕಣ್ಣಿಗೆ ಅದು ಎಷ್ಟು ಕಾಣುತ್ತದೆ ಎನ್ನುವ ಕುತೂಹಲ ನನಗಿತ್ತು.

ನನ್ನ ಹೆಂಡತಿ ರತ್ನ ಒಲೆ ಮುಂದಿನಿಂದ ತಿರುಗಿ ನೋಡಿದಳು.

"ರೀ, ಅದು ನಮ್ಮ ತವರಿಂದ ತಂದ ಲೋಟ. ಗೀಚಕ್ಕೆ ನಿಮ್ಮ ಆಫೀಸಲ್ಲಿ ಲೋಟ ಇಲ್ವಾ?"

"ಕೆಲಸಕ್ಕೆ ಬೇಕು ಕಣೆ."

"ಕುಡ್ತ ಬಿಡ್ಸೋ ಕೆಲಸ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರೆ, ನೀವು ಮನೇಲೇ ಅಂಗಡಿ ಇಟ್ಟಿದ್ದೀರಿ."

ಅಷ್ಟರಲ್ಲಿ ಪಕ್ಕದ ಮನೆಯವರು ಕರಿಬೇವು ಕೇಳಲು ಬಂದವರು, ನೆಲದ ಮೇಲಿದ್ದ ಬಾಟಲಿ ನೋಡಿ ಕರಿಬೇವು ಮರೆತು ಹಿಂದಿರುಗಿದರು. ರತ್ನ ಆ ದಿನವೆಲ್ಲ ನಕ್ಕಳು.

ಅವಳು ತೀರಿಹೋಗಿ ಎಂಟು ತಿಂಗಳಾಯಿತು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಈಚೆಗೆ ಸಿಕ್ಕಿ, "ಮೊಬೈಲ್ ಆ್ಯಪ್ ಇಲ್ಲದ ಕಾಲದಲ್ಲಿ ನೀವು ಹೇಗೆ ಮಾಡ್ತಿದ್ರಿ ಸರ್, ಬರೆದುಕೊಡಿ" ಎಂದಳು. ಬರೆಯಲು ಕೂತರೆ ಮೊದಲು ನೆನಪಾಗಿದ್ದು ಈ ಲೋಟ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಮೇಲೆ ಕನ್ನಡ ಟೈಪಿಂಗ್. ಕುಡಿತದ ತೊಂದರೆಗೆ ಸಿಕ್ಕಿದವರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಗೆ ಟೈಪಿಸ್ಟ್ ಆಗಿ ಸೇರಿದೆ. ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಫ್ಯಾಕ್ಟರಿ ಏಳುತ್ತಿದ್ದ ವರ್ಷಗಳು ಅವು. ನಮ್ಮ ಡಾಕ್ಟರು ಬೆಂಗಳೂರಿನಲ್ಲಿ ಒಂದು ವೆಬ್‌ಸೈಟ್ ಮಾಡಿಸಿದರು. ಕುಡಿಯುವವರು ಹೆಸರು ಕೊಡಬೇಕಿಲ್ಲ, ಒಂದು ನಂಬರು ಸಾಕು. ಸೈಬರ್ ಕೆಫೆಯಲ್ಲಿ ಕೂತು ದಿನಾ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಕೊನೆಗೆ ಒಂದು ಬಣ್ಣದ ಪಟ್ಟಿ ಬರುತ್ತಿತ್ತು. ಹಸಿರಾದರೆ ಸರಿ, ಹಳದಿಯಾದರೆ ಎಚ್ಚರ, ಕೆಂಪಾದರೆ ಬಂದು ಕಾಣಿ ಎಂದು. ಕೆಳಗೊಂದು ಖಾಲಿ ಜಾಗ. ಅಲ್ಲಿ ಏನು ಬೇಕಾದರೂ ಬರೆಯಬಹುದು. ಅದಕ್ಕೆ ಉತ್ತರ ಟೈಪ್ ಮಾಡುವುದು, ಓದಲು ಬಾರದವರಿಗೆ ಪಕ್ಕದಲ್ಲಿ ಕೂತು ಓದಿ ಹೇಳುವುದು ನನ್ನ ಕೆಲಸ.

ಮೊದಲ ದಿನ ಪುಟ ತೆರೆದರೆ ಕನ್ನಡ ಅಕ್ಷರ ಒಂದೂ ಇಲ್ಲ. ಆ ಕಂಪ್ಯೂಟರಿನಲ್ಲಿ ಫಾಂಟ್ ಇರಲಿಲ್ಲ. ಸಾಲು ಸಾಲು ಚೌಕಗಳು. ಹಿಂದೆ ನಿಂತಿದ್ದವನೊಬ್ಬ ಬಗ್ಗಿ ನೋಡಿ, "ಏನ್ಸಾ, ಬರೀ ಕಿಟ್ಕಿ ಐತಲ್ಲ. ಒಳಗೆ ಯಾರೂ ಇಲ್ವಾ?" ಎಂದ.

ಫಾಂಟ್ ಹಾಕಿಸಿದ ಮೇಲೆ, ಹಾರೋಹಳ್ಳಿ ಬಸ್ ನಿಲ್ದಾಣದ ಹತ್ತಿರ ಕೆಫೆ ಇಟ್ಟಿದ್ದ ನಯಾಜ್‌ನಿಂದ ನಾನು ಇನ್ನೊಂದು ಪಾಠ ಕಲಿತೆ. ಮರ್ಯಾದೆ ಉಳಿಯಲಿ ಎಂದು ನಾವು ಪರದೆ ಹಾಕಿದ ಕ್ಯಾಬಿನ್ ಬಾಡಿಗೆಗೆ ಹಿಡಿದಿದ್ದೆವು. ಒಂದು ವಾರ ಒಬ್ಬರೂ ಬರಲಿಲ್ಲ.

"ಸಾರ್, ಬಾರ್ ಒಳಗೆ ಹೋದ್ರೆ ಕುಡುಕ ಅಂತಾರೆ, ಅಷ್ಟೇ. ನನ್ ಕ್ಯಾಬಿನ್ ಒಳಗೆ ಪರದೆ ಎಳ್ಕೊಂಡು ಕೂತ್ರೆ ಮದುವೆಗೆ ಹೆಣ್ಣು ಕೂಡ ಕೊಡಲ್ಲ" ಎಂದ ನಯಾಜ್.

ಕಂಪ್ಯೂಟರನ್ನು ಬಾಗಿಲ ಬಳಿಗೆ, ರಸ್ತೆಗೆ ಕಾಣುವಂತೆ ಇಡಿಸಿದೆವು. ಮರುದಿನದಿಂದ ಜನ ಬಂದರು.

ಬಂದವರನ್ನು ನೋಡಿ ನನಗೆ ಹುಟ್ಟಿದ ಒಂದು ಕುತೂಹಲ ಇಂದಿಗೂ ತೀರಿಲ್ಲ. ಓದಲು ಬಾರದವನಿಗೆ ಪ್ರಶ್ನೆ ನಾನು ಓದುತ್ತೇನೆ, ಉತ್ತರ ನಾನು ಟೈಪ್ ಮಾಡುತ್ತೇನೆ. ಆದರೂ ನನ್ನ ಕಡೆ ತಿರುಗಿದಾಗ "ಎರಡು" ಎನ್ನುವವನು, ಕಂಪ್ಯೂಟರ್ ಕಡೆ ತಿರುಗಿದಾಗ "ಐದು" ಎನ್ನುತ್ತಿದ್ದ. ಮಧ್ಯೆ ನಾನಿರುವುದು ಅವನಿಗೆ ಲೆಕ್ಕವೇ ಇಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ವಯಸ್ಸಾದ ಸಾಹೇಬರೊಬ್ಬರು ಬಾಗಿಲಲ್ಲೇ ನಿಂತು ವಿಚಾರಿಸಿದರು.

"ಇದು ಹೆಸರು ಕೇಳ್ತದಾ?"

"ಇಲ್ಲ ಸಾಹೇಬ್ರೆ."

"ಅಪ್ಪನ ಹೆಸರು? ಮೊಹಲ್ಲಾ?"

"ಯಾವುದೂ ಕೇಳಲ್ಲ."

"ಹಂಗಾದ್ರೆ ಇದು ಒಳ್ಳೆ ಮನುಷ್ಯ" ಎಂದು ಕುರ್ಚಿ ಎಳೆದು ಕೂತರು. ಅಂದಿನಿಂದ ನಾನು ಯಾರ ಎದುರಿಗೂ ಕೂರಲಿಲ್ಲ. ಕುರ್ಚಿಯನ್ನು ಅವರ ಪಕ್ಕದಲ್ಲೇ ಒಂದಿಷ್ಟು ಹಿಂದಕ್ಕೆ ಹಾಕಿಕೊಂಡೆ. ಹೊಸಬರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನು ಲೋಟದ ವಿಷಯ. ಡಾಕ್ಟರು ಹಾಕಿಸಿದ್ದ ಪ್ರಶ್ನೆ, "ದಿನಕ್ಕೆ ಎಷ್ಟು ಡ್ರಿಂಕ್?" ಎಂದಿತ್ತು. ಒಂದು ಡ್ರಿಂಕ್ ಎಂದರೆ ಏನು ಎಂದು ಚನ್ನಪಟ್ಟಣದ ಗೊಂಬೆ ಕೆಲಸದವರೂ ಕೇಳಿದರು, ಕುದೂರಿನ ರೈತರೂ ಕೇಳಿದರು. ಒಬ್ಬನಿಗೆ ಅದು ಒಂದು ಗುಟುಕು, ಇನ್ನೊಬ್ಬನಿಗೆ ಒಂದು ಸಂಜೆ. ನಾನು ಲೋಟದಲ್ಲಿ ಅಳೆದ ಲೆಕ್ಕ ತೋರಿಸಿ, "ಸರ್, ನಮ್ಮ ಜನ ಕುಡಿಯೋದು ಪ್ಯಾಕೆಟ್ ಸಾರಾಯಿ. ಎಷ್ಟು ಪ್ಯಾಕೆಟ್ ಅಂತಲೇ ಕೇಳೋಣ" ಎಂದೆ. ಡಾಕ್ಟರು ಒಪ್ಪಿದರು. ಉತ್ತರಗಳು ಸರಾಗವಾಗಿ ಬಂದವು. ಬೆಂಗಳೂರಿನಿಂದ ಬಂದವರ ಮುಂದೆ ಅವರು ನನ್ನ ಹೆಸರು ಹೇಳಿದರು. ಎದೆ ಉಬ್ಬಿದ್ದು ಸುಳ್ಳಲ್ಲ.

ಆ ಸಮಯದಲ್ಲಿ ಬಂದವನು ಮಾದೇವ. ಇಪ್ಪತ್ತಾರರ ಆಸುಪಾಸು, ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಮಿಷಿನ್ ನಡೆಸುತ್ತಿದ್ದ. ತಗಡು ಇಡಬೇಕು, ಕೈ ತೆಗೆಯಬೇಕು, ಕಾಲಲ್ಲಿ ಒತ್ತಬೇಕು. ಅಚ್ಚು ಬಿದ್ದು ಏಳುತ್ತದೆ. ಬೆಳಿಗ್ಗೆ ಕೈ ನಡುಗುವುದನ್ನು ಕಂಡ ಸೂಪರ್‌ವೈಸರ್ ಅವನನ್ನು ಪ್ಯಾಕಿಂಗ್‌ಗೆ ಹಾಕಿದ್ದ. ನಮ್ಮ ಸಂಸ್ಥೆಯಿಂದ ನಾಲ್ಕು ವಾರದ ಹಸಿರು ಹಾಳೆ ತಂದರೆ ಮತ್ತೆ ಮಿಷಿನ್, ಇಲ್ಲವಾದರೆ ಮನೆ. ಇದು ಫ್ಯಾಕ್ಟರಿಯವರ ಷರತ್ತು.

"ಪ್ಯಾಕಿಂಗಲ್ಲಿ ಹೆಂಗಸ್ರೆಲ್ಲ ನಗ್ತಾರೆ ಸಾ. ನಂಗೆ ನನ್ ಮಿಷಿನ್ ಬೇಕು. ಆ ಏರಿಯಾದಲ್ಲಿ ನನ್ನಂಗೆ ಪೀಸ್ ಒಡಿಯೋನು ಒಬ್ನು ತೋರ್ಸಿ, ನಾಳೆನೇ ಬುಟ್ಬುಡ್ತೀನಿ" ಎಂದ.

"ಕುಡಿಯೋದನ್ನೋ, ಮಿಷಿನ್ನೋ?"

"ನೀವೊಳ್ಳೆ ಸಾ!" ಎಂದು ನಕ್ಕ. ಮೊದಲ ವಾರ ಕೆಂಪು, ದಿನಕ್ಕೆ ನಾಲ್ಕು ಪ್ಯಾಕೆಟ್. ಎರಡನೆಯ ವಾರವೂ ಕೆಂಪು. ಆದರೆ ತಪ್ಪಿಸದೆ ಬರುತ್ತಿದ್ದ.

ಅಷ್ಟರಲ್ಲಿ ಸರ್ಕಾರ ಸಾರಾಯಿ ಮಾರಾಟವನ್ನೇ ನಿಲ್ಲಿಸಿತು. ಅಂಗಡಿಗಳು ಮುಚ್ಚಿದವು. ನಮ್ಮ ಪುಟದಲ್ಲಿ ಸೊನ್ನೆಗಳು ಶುರುವಾದವು. ಮಾದೇವ ಸೊನ್ನೆ. ಮಾಗಡಿಯಿಂದ ಸೊನ್ನೆ, ಉಯ್ಯಂಬಳ್ಳಿಯಿಂದ ಬಂದು ಕೂತವನದೂ ಸೊನ್ನೆ. ತಿಂಗಳು ತುಂಬುವುದರೊಳಗೆ ಇಡೀ ಪಟ್ಟಿ ಹಸಿರು. ಡಾಕ್ಟರು ಬಣ್ಣದ ಪ್ರಿಂಟ್ ತೆಗೆಸಿ ಗೋಡೆಗೆ ಹಾಕಿದರು.

ನನಗೆ ಅನುಮಾನ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ಮಾದೇವನ ಬಳಿ ವಾಸನೆ ಬಂತು. ಕೇಳಿದರೆ ಕೆಮ್ಮಿನ ಔಷಧಿ ಎಂದ. ಕಂಪ್ಯೂಟರ್ ಪರದೆಯ ಮೇಲೆ ಹಸಿರಿತ್ತು. ನಾನು ಮೂಗು ಬಿಟ್ಟು ಪರದೆಯನ್ನು ನಂಬಿದೆ.

ಮನೆಯಲ್ಲಿ ರತ್ನನಿಗೆ ಹೇಳಿದೆ: "ನಮ್ಮ ಮಾದೇವ ಮೂರು ವಾರದಿಂದ ಮುಟ್ಟಿಲ್ಲ."

ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು, "ಬೆಳಿಗ್ಗೆ ತಿಂಡಿ ತಿಂತಾನಂತಾ?"

"ಅದೆಲ್ಲ ಫಾರಂನಲ್ಲಿ ಇಲ್ಲ ಕಣೆ."

"ಹೂಂ" ಎಂದಳು. ಅಷ್ಟಕ್ಕೇ ಬಿಟ್ಟಳು. ನಾನೂ ಬಿಟ್ಟೆ.

ನಾಲ್ಕನೆಯ ಹಸಿರು ಹಾಳೆಯನ್ನು ನಾನೇ ಪ್ರಿಂಟ್ ತೆಗೆದೆ. ಡಾಕ್ಟರ ಸಹಿ ಹಾಕಿಸಿ, ಮಡಿಸಿ, ಮಾದೇವನ ಜೇಬಿಗೆ ನಾನೇ ಇಟ್ಟೆ. ಸೋಮವಾರ ಅವನು ಮಿಷಿನ್ ಮುಂದೆ ನಿಂತ. ಗುರುವಾರ ಬೆಳಗಿನ ಪಾಳಿಯಲ್ಲಿ, ಕೈ ತೆಗೆಯುವ ಮೊದಲೇ ಕಾಲು ಒತ್ತಿತು. ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಹೋದವು.

ಆಸ್ಪತ್ರೆಗೆ ಹೋದೆ. ಮಂಚದ ಪಕ್ಕ ಅವನ ಹೆಂಡತಿ ಸವಿತಾ ನಿಂತಿದ್ದಳು. ನನ್ನನ್ನು ನೋಡಿ ಹೊರಗೆ ಹೋದಳು. ಏನು ಕೇಳಬೇಕೋ ತಿಳಿಯದೆ, ಕೇಳಬಾರದ್ದನ್ನೇ ಕೇಳಿದೆ.

"ಸೊನ್ನೆ ಅಂತ ಹಾಕಿದ್ಯಲ್ಲೋ ಮಾದೇವ."

"ಸೊನ್ನೆನೇ ಸಾ. ಎಷ್ಟು ಪ್ಯಾಕೆಟ್ಟು ಅಂತ ಕೇಳ್ತು. ಪ್ಯಾಕೆಟ್ಟು ಈಗ ಎಲ್ ಸಿಕ್ತದೆ? ದೇವ್ರಾಣೆಗೂ ನಾನು ಸುಳ್ಳು ಏಳಿಲ್ಲ."

"ಮತ್ತೆ?"

"ಕ್ವಾರ್ಟ್ರು. ಅದ್ನ ಯಾರೂ ಕೇಳ್ನಿಲ್ವಲ್ಲ."

ಅವನ ಮಾತಿನಲ್ಲಿ ಕೋಪ ಇರಲಿಲ್ಲ. ಕಟ್ಟು ಹಾಕಿದ ಕೈಯನ್ನು ಯಾರದೋ ವಸ್ತುವಿನಂತೆ ನೋಡಿಕೊಂಡು ಮುಂದುವರಿಸಿದ: "ಕೈ ನಡುಗ್ತೈತೆ ಅಂತ ನಂಗೂ ಗೊತ್ತಿತ್ತು ಸಾ. ಆದ್ರೆ ಹಸ್ರು ಬಂತಲ್ಲ. ಕಂಪ್ಯೂಟ್ರೇ ಸರಿ ಅಂದ್ಮ್ಯಾಕೆ ನಂದೇನು ಅನ್ಕಂಡೆ."

ಬಸ್ಸಿನಲ್ಲಿ ಕನಕಪುರಕ್ಕೆ ಬರುವಾಗ ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ಪ್ಯಾಕೆಟ್ ಎಂಬ ಮಾತನ್ನು ಆ ಪುಟಕ್ಕೆ ಸೇರಿಸಿದವನು ನಾನು. ಅದು ಅಂಗಡಿಯಿಂದ ಹೋದ ಮೇಲೂ ಪುಟದಲ್ಲಿ ಉಳಿಸಿದವನೂ ನಾನು. ಅಷ್ಟೂ ಸೊನ್ನೆಗಳು ನಿಜವಾಗಿದ್ದವು, ಒಬ್ಬನೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ನಿಜ ಹೇಳಿದರೂ ಹಾಳೆ ತಪ್ಪಾಗಬಹುದು ಎಂದು ಅದಕ್ಕೆ ಮೊದಲು ನನಗೆ ತಿಳಿದಿರಲಿಲ್ಲ.

ರತ್ನನಿಗೆ ಹೇಳಿದೆ. ನಾನು ಅವತ್ತೇ ಕೇಳಿದ್ದೆನಲ್ಲ ಎಂದು ಅವಳು ಅನ್ನಲಿಲ್ಲ. ತಟ್ಟೆ ಇಟ್ಟಳು. ನಾನು ಕೈ ಹಾಕದಿರುವುದನ್ನು ಕಂಡು ಎದುರಿಗೆ ಕೂತಳು.

"ನಮ್ಮಪ್ಪನ್ನ ನಮ್ಮಮ್ಮ ಯಾವತ್ತೂ ಎಷ್ಟು ಕುಡುದ್ರಿ ಅಂತ ಕೇಳ್ತಿರ್ಲಿಲ್ಲ. ಕೇಳಿದ್ರೆ ಜಗಳ. ಬೆಳಿಗ್ಗೆ ತಟ್ಟೆ ನೋಡೋಳು. ಕುಡಿದಿದ್ರೆ ಅಪ್ಪನ ಗಂಟಲಲ್ಲಿ ಒಂದು ತುತ್ತು ಇಳೀತಿರ್ಲಿಲ್ಲ, ಬರೀ ಟೀ ಕುಡಿಯೋರು. ತಿಂಡಿ ಖಾಲಿಯಾದ ದಿನ ಅಮ್ಮ ಹಾಡು ಹೇಳ್ಕೊಂಡು ನೀರು ತರೋಳು. ನೀವು ಬಾಟ್ಲು ಪ್ಯಾಕೆಟ್ಟು ಎಲ್ಲ ಬಿಡಿ. ಏನು ತಿಂದೆ ಅಂತ ಕೇಳಿ."

ಅವಳ ಮಾತನ್ನು ಮರುದಿನ ಡಾಕ್ಟರ ಮುಂದೆ ಇಟ್ಟೆ. ಅವರು ಗೋಡೆಯ ಪ್ರಿಂಟನ್ನು ಆಗಲೇ ಕಿತ್ತು ಮೇಜಿನ ಮೇಲೆ ಇಟ್ಟುಕೊಂಡಿದ್ದರು.

"ತಪ್ಪು ನನ್ನದು ಸರ್" ಎಂದೆ.

"ಹಾಳೆ ಮೇಲಿರೋದು ನನ್ನ ಸಹಿ, ಲಿಂಗರಾಜು" ಎಂದರು. ಆ ಪ್ರಿಂಟನ್ನು ಮಡಿಸಿ ಪಕ್ಕಕ್ಕಿಟ್ಟು ಕೇಳಿದರು, "ಉಪ್ಪಿಟ್ಟು, ಚಿತ್ರಾನ್ನ ಅಂತ ಉತ್ತರ ಬಂದ್ರೆ ಅದನ್ನ ಪಟ್ಟಿ ಮಾಡೋದು ಹೇಗ್ರೀ?"

"ಪಟ್ಟಿ ಮಾಡೋದು ಬೇಡ ಸರ್. ನಾನು ಓದ್ತೀನಿ."

ಅವರು ಒಪ್ಪಿದರು. ಹಾಳೆ ತೋರಿಸಿ ಮಿಷಿನ್ ಕೊಡುವ ಒಪ್ಪಂದವನ್ನೂ ಅಂದೇ ನಿಲ್ಲಿಸಿದರು. ಕುಡಿಯುವ ಪ್ರಶ್ನೆಯಲ್ಲಿ ಪ್ಯಾಕೆಟ್ ಹೋಗಿ, ಏನು ಕುಡಿದಿರಿ, ಯಾವುದರಲ್ಲಿ ಹಾಕಿಕೊಂಡಿರಿ ಎಂದಾಯಿತು. ಅದಕ್ಕೂ ಮೊದಲನೆಯದಾಗಿ ರತ್ನನ ಪ್ರಶ್ನೆ ಬಂತು: ಬೆಳಿಗ್ಗೆ ಏನು ತಿಂದಿರಿ? ಆಮೇಲೆ ಮೊಬೈಲುಗಳು ಹೆಚ್ಚಾದಾಗ ಆ ಪ್ರಶ್ನೆ ಬೆಳಿಗ್ಗೆ ಹೊತ್ತು ಮೆಸೇಜ್ ಆಗಿ ಹೋಗತೊಡಗಿತು. ಉತ್ತರಗಳು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರುತ್ತಿದ್ದವು. ಓದಲು ನಾನೇ ಒಂದಷ್ಟು ದಿನ ಒದ್ದಾಡಿದೆ.

ಅದು ಪರೀಕ್ಷೆಯ ಪ್ರಶ್ನೆ ಎಂದು ನಾವು ಯಾರಿಗೂ ಮುಚ್ಚಿಡಲಿಲ್ಲ. ಯಾಕೆ ಕೇಳುತ್ತೇವೆಂದು ಮೊದಲೇ ಹೇಳುತ್ತಿದ್ದೆವು. ಆದರೂ ನಿಜವೇ ಬರುತ್ತಿತ್ತು, ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕುಡಿತದ ಬಗ್ಗೆ ಕೇಳಿದರೆ ತಲೆ ತಗ್ಗಿಸುವವನು, ತಿಂಡಿಯ ಬಗ್ಗೆ ಕೇಳಿದರೆ ಹೆಂಡತಿಯ ಚಟ್ನಿಯನ್ನೂ ಬೈದು ಬರೆಯುತ್ತಿದ್ದ. ಓದುತ್ತಾ ಓದುತ್ತಾ ನನಗೆ ಒಂದು ಸಂಗತಿ ಹೊಳೆಯಿತು. ನಿಜವಾಗಿ ತಿನ್ನುವ ಮನೆಯಲ್ಲಿ ತಿಂಡಿ ಬದಲಾಗುತ್ತದೆ. ಒಂದು ದಿನ ರೊಟ್ಟಿ, ಒಂದು ದಿನ ನೆನ್ನೆಯ ಮುದ್ದೆ, ಅವರೆ ಕಾಲದಲ್ಲಿ ಅವರೆಕಾಳಿನ ಉಪ್ಪಿಟ್ಟು. ಒಂದೇ ತಿಂಡಿ ಒಂದು ವಾರ ಸಾಲಾಗಿ ಬಂದರೆ ಅವನು ತಿಂದಿಲ್ಲ, ಸುಮ್ಮನೆ ಬರೆಯುತ್ತಿದ್ದಾನೆ ಎಂದು ಅರ್ಥ. ಅದೂ ಹಳೆಯ ಸೊನ್ನೆಯ ಹಾಗೆಯೇ, ನೋಡಲು ಸರಿ, ಒಳಗೆ ಬೇರೆ. ಇದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಮಾದೇವನಿಗೂ ಹೇಳಿದ್ದೆ.

ಮಾದೇವನನ್ನು ಫ್ಯಾಕ್ಟರಿಯವರು ಸ್ಟೋರ್ಸಿಗೆ ಹಾಕಿದರು. ನಾನು ಅವನಿಗೆ ಮತ್ತೆ ಮುಖ ತೋರಿಸಲು ತಿಂಗಳು ಹಿಡಿಯಿತು. ಅವನೇ ಕೆಫೆಗೆ ಬಂದ.

"ಏನ್ಸಾ, ಬೆರಳು ಹೋದೋನು ನಾನು. ನೀವ್ಯಾಕೆ ಕೈ ಮುಚ್ಕಂಡು ಓಡಾಡ್ತೀರಿ?"

ಅವನು ಬಿಟ್ಟದ್ದು ಒಂದೇ ಸಲಕ್ಕಲ್ಲ. ವಾರಗಟ್ಟಲೆ ಚಿತ್ರಾನ್ನ, ರೊಟ್ಟಿ, ಇಡ್ಲಿ ಎಂದು ಬರುತ್ತಿದ್ದ ಮೆಸೇಜು ಒಂದು ದಿನ ಬರೀ "ಟೀ" ಎಂದು ಬರುತ್ತಿತ್ತು. ನಾನು ಮರು ಮಾತಿಲ್ಲದೆ ಹಾರೋಹಳ್ಳಿ ಬಸ್ಸು ಹತ್ತುತ್ತಿದ್ದೆ. ಬುದ್ಧಿ ಹೇಳುತ್ತಿರಲಿಲ್ಲ. ಇಬ್ಬರೂ ಹೋಟೆಲಿನಲ್ಲಿ ಕೂರುತ್ತಿದ್ದೆವು, ಅವನ ಗಂಟಲಲ್ಲಿ ಅರ್ಧ ಇಡ್ಲಿ ಇಳಿಯುವವರೆಗೆ ಕಾಯುತ್ತಿದ್ದೆ. "ನೀವು ಬರೋದು ನೋಡಿದ್ರೆ ಭಯ ಆಯ್ತದೆ ಸಾ, ಒಸಿ ನಿಧಾನಕ್ಕೆ ಬನ್ನಿ" ಎನ್ನುತ್ತಿದ್ದ. ಅಂಥ "ಟೀ"ಗಳು ಕಡಿಮೆಯಾಗುತ್ತಾ ಬಂದು, ಯಾವಾಗಲೋ ನಿಂತವು. ಯಾವ ದಿನ ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸಂಸ್ಥೆಗೆ ಬರುವ ಹಣ ನಿಂತು ವೆಬ್‌ಸೈಟ್ ಮುಚ್ಚಿತು. ಡಾಕ್ಟರು ಬೇರೆ ಊರಿಗೆ ಹೋದರು, ನಾನು ಇನ್ನೊಂದು ಕಡೆ ಕೆಲಸ ಮಾಡಿ ನಿವೃತ್ತನಾದೆ. ಪ್ರಶ್ನೆ ಕಳಿಸುವವರು ಇಲ್ಲದಿದ್ದರೂ ಮಾದೇವನ ಉತ್ತರ ಮಾತ್ರ ದಿನಾ ನನ್ನ ಮೊಬೈಲಿಗೆ ಬರುತ್ತಿತ್ತು. "ಮಾದೇವಂದು ಇವತ್ತು ಏನಂತೆ?" ಎಂದು ರತ್ನ ಕೇಳುವಳು. ಅವನ ಮನೆಯಲ್ಲಿ ಒತ್ತು ಶಾವಿಗೆ ಎಂದರೆ ನಮ್ಮಲ್ಲೂ ಮರುದಿನ ಒತ್ತು ಶಾವಿಗೆ.

ರತ್ನ ಹೋದ ಮೇಲೆ, ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮರುದಿನ, ಮಾದೇವನ ಮೆಸೇಜು ತಿರುವುಮುರುವಾಗಿ ಬಂತು. ಅವನು ತಿಂದದ್ದು ಬರೆದಿರಲಿಲ್ಲ. "ಏನ್ ತಿಂದ್ರಿ ಸಾ?" ಎಂದಿತ್ತು.

"ಇಡ್ಲಿ" ಎಂದು ಬರೆದೆ. ಅಡುಗೆಕೋಣೆಗೆ ನಾನು ಕಾಲಿಟ್ಟಿರಲಿಲ್ಲ. ಮರುದಿನವೂ ಕೇಳಿದ, ಇಡ್ಲಿ ಎಂದೆ. ಬೀದಿ ಕೊನೆಯ ಹೋಟೆಲಿನಲ್ಲಿ ಇಡ್ಲಿ ಸಿಗುತ್ತದೆ, ಯಾರೂ ಅನುಮಾನ ಪಡುವುದಿಲ್ಲ ಎಂದುಕೊಂಡಿದ್ದೆ. ಒಂಬತ್ತನೆಯ ಬೆಳಿಗ್ಗೆ ಮೆಸೇಜು ಬರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಮಾದೇವ ನಿಂತಿದ್ದ. ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು.

"ಏನೋ ಇಷ್ಟೊತ್ತಿಗೆ?"

"ಎಂಟು ದಿನ ಇಡ್ಲಿ, ಸಾ. ಇದ್ನ ನಂಗೆ ಕಲ್ಸಿದೋರು ಯಾರು?"

ಅವನು ಚಪ್ಪಲಿ ಬಿಟ್ಟು ನೇರ ಅಡುಗೆಕೋಣೆಗೆ ಹೋದ. ಡಬ್ಬಿಗಳ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು. ಆ ಸದ್ದು ಕೇಳಿ ಎಷ್ಟೋ ದಿನವಾಗಿತ್ತು.

"ರವೆ ಸಿಕ್ತು. ಅಳ್ಯಾದು ಯಾವ್ದ್ರಲ್ಲಿ ಸಾ?"

ರವೆಯ ಡಬ್ಬಿಯ ಒಳಗೇ ಲೋಟವಿತ್ತು. ಅವನು ಅದನ್ನು ಎತ್ತಿ, ಉಳಿದ ಮೂರು ಬೆರಳಲ್ಲಿ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದ.

"ಇದೇನ್ಸಾ ಎರಡು ಗೀಟು?"

"ಕೆಳಗಿನದು ಪ್ಯಾಕೆಟ್ಟು. ಮೇಲಿನದು ಕ್ವಾರ್ಟರು."

ಅವನು ನನ್ನ ಮುಖ ನೋಡಿದ. ಲೋಟ ನೋಡಿದ. ಆಮೇಲೆ ಗೋಡೆಗೆ ಒರಗಿಕೊಂಡು ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗೂ ನಗು ಬಂತು. ರತ್ನ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

"ಅಮ್ಮಾವ್ರು ಇಬ್ರಿಗೆ ಎಷ್ಟು ಹಾಕೋರು?"

"ಮೇಲಿನ ಗೀಟಿನ ತನಕ. ಲೋಟ ಗೀಚಿದೆ ಅಂತ ಮೊದಲು ಬೈದಳು. ಆಮೇಲೆ ಅವಳು ರವೆ ಅಳೆದಿದ್ದೆಲ್ಲ ಇದರಲ್ಲೇ."

"ಅಂಗಾರೆ ಇವತ್ತು ಕ್ವಾರ್ಟರ್ ಹಾಕ್ತೀನಿ, ಬೈಬ್ಯಾಡಿ" ಎಂದ.

ಈರುಳ್ಳಿ ದಪ್ಪ ಹೆಚ್ಚಿದ್ದ, ಒಗ್ಗರಣೆ ಸೀದಿತ್ತು. ಇಬ್ಬರೂ ನೆಲದ ಮೇಲೆ ಕೂತೆವು. ನನ್ನ ಗಂಟಲಲ್ಲಿ ಅರ್ಧ ತಟ್ಟೆ ಇಳಿಯುವವರೆಗೆ ಅವನು ಕಾದ. ಹೊರಡುವಾಗ, "ಬತ್ತೀನಿ ಸಾ. ಸುಳ್ಳು ಬರೆದ್ರೆ ಮತ್ತೆ ಬತ್ತೀನಿ" ಎಂದ.

ಮರುದಿನ ಬೆಳಿಗ್ಗೆ ಲೋಟ ತೆಗೆದುಕೊಂಡೆ. ಕೆಳಗಿನ ಗೀಟಿನ ತನಕ ರವೆ ಹಾಕಿದೆ. ತಿಂದಾದ ಮೇಲೆ ಮಾದೇವನಿಗೆ ಬರೆದೆ:

"ಉಪ್ಪಿಟ್ಟು. ಉಪ್ಪು ಜಾಸ್ತಿ ಆಯಿತು."